ಹದಿನಾರಕ್ಕೆ ಹದಿನಾರು

ಮುಂಬೈಯ ವಡಾಲದ ನಮ್ಮ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಯಾರ ಮನೆಗೆ ಯಾರು ಬಂದರೂ ನನಗೆ ಗೊತ್ತಾಗುತ್ತದೆ. ಅದನ್ನು ಗುಣ ಎನ್ನಿ, ರೋಗ ಎನ್ನಿ. ಅದರಲ್ಲೂ ಪಕ್ಕದ ಖೋಲಿಯ ಸುಂದ್ರವ್ವನ ಮನೆಗೆ ಯಾರಾದರೂ ಬಂದರೆ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಾವಿಬ್ಬರೂ ಇಂಡಿ ತಾಲೂಕಿನವರು. ಒಂದೇ ವರ್ಷ ಗಂಡಂದಿರ ಬೆನ್ನು ಹತ್ತಿ ಮುಂಬೈಗೆ ಬಂದವರು. ಆದರೆ ನೀರಿನ ನಳ ಬಂದದ್ದು ಅವಳ ಬಾಗಿಲ ಮುಂದೆ. ಗಾಳಿ ಬರುವ ಕಿಟಕಿ ಅವಳ ಖೋಲಿಗೆ. ನನ್ನ ಸ್ವಂತ ಸೊಸೆ ಮಾಧುರಿ ಕೂಡ ಏನಾದರೂ ಕೇಳಬೇಕಾದರೆ "ಸುಂದ್ರವ್ವ ಕಾಕೂ" ಎಂದು ಅಲ್ಲಿಗೇ ಓಡುತ್ತಾಳೆ. ಹೊಟ್ಟೆ ಉರಿಯದೆ ಇನ್ನೇನು ಮಾಡೀತು?

ಒಂದು ದಿನ ಸಪ್ನಾ ಎಂಬ ಹುಡುಗಿ ಹಾಳೆಗಳ ಕಟ್ಟು ಹಿಡಿದು ಬಂದಳು. ಕಾಲೇಜಿನ ಕಡೆಯಿಂದ ಸರ್ವೆಯಂತೆ. ಫ್ಲೂ ಜ್ವರದ ಬಗ್ಗೆ, ಮುಂದೆ ಎಂದಾದರೂ ಹೊಸ ಫ್ಲೂ ಬಂದು ಊರಿಗೆಲ್ಲ ಹರಡಿದರೆ ಏನು ಮಾಡಬೇಕು ಎಂಬ ಬಗ್ಗೆ ಜನರಿಗೆ ಏನು ಗೊತ್ತು, ಏನು ಅನ್ನಿಸುತ್ತದೆ ಎಂದು ಕೇಳಿ ಬರೆದುಕೊಳ್ಳುವುದು. ಮೊದಲು ಹೊಕ್ಕದ್ದು ಯಾರ ಮನೆ? ಸುಂದ್ರವ್ವನದೇ.

ನಾನು ಮೆಂತೆಪಲ್ಲೆ ಹಿಡಿದು ಗ್ಯಾಲರಿಯಲ್ಲಿ ಕೂತೆ. ಕಿವಿ ಮಾತ್ರ ಒಳಗೇ ಇತ್ತು.

"ಹೊಸಾ ಫ್ಲೂ ಬಂದ್ರ ಯಾರಿಗಿ ಜಾಸ್ತಿ ಧೋಕಾ, ಅಂದ್ರ ಅಪಾಯ, ಮೌಶಿ?"

"ಗೊತ್ತಿಲ್ಲವಾ."

"ಜ್ವರ ಬಂದ್ರ ಎಷ್ಟು ದಿನದಾಗ ಡಾಕ್ಟರ್ ಕಡೆ ಹೋಗ್ಬೇಕು?"

"ಅದೂ ಗೊತ್ತಿಲ್ಲ. ನೀನ ಹೇಳು."

"ಸವಾಲ್ ಮುಗೀಲಿ ಮೌಶಿ. ಆಮ್ಯಾಲ ಸಬ್ ಹೇಳ್ತೀನಿ."

ಹದಿನಾರು ಪ್ರಶ್ನೆಗೆ ಒಂಬತ್ತು ಸಲ "ಗೊತ್ತಿಲ್ಲ" ಎಂದಳು ಸುಂದ್ರವ್ವ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಆಮೇಲೆ ಸಪ್ನಾ ಒಂದೊಂದನ್ನೇ ಬಿಡಿಸಿ ಹೇಳಿದಳು. ಸುಂದ್ರವ್ವ ಪ್ರತಿಯೊಂದಕ್ಕೂ "ಯಾಕ?" ಎಂದು ಕೇಳುತ್ತಿದ್ದಳು. ಆ "ಯಾಕ" ನನಗೆ ಬೇಕಿರಲಿಲ್ಲ. ಉತ್ತರಗಳನ್ನಷ್ಟೇ ಮಗ್ಗಿ ಹಾಗೆ ಬಾಯಿಪಾಠ ಮಾಡಿಕೊಂಡೆ.

ನನ್ನ ಸರದಿ ಬಂತು. ಪಟಪಟ ಹೇಳಿದೆ. ಯಾರಿಗೆ ಧೋಕಾ? ಬಸುರಿಯರಿಗೆ, ಮುದುಕರಿಗೆ, ಚಿಕ್ಕ ಮಕ್ಕಳಿಗೆ, ಸಕ್ಕರೆ ಕಾಯಿಲೆ, ದಮ್ಮು ಇದ್ದವರಿಗೆ. ಡಾಕ್ಟರ ಬಳಿ ಯಾವಾಗ? ಅದೇ ದಿನ.

"ನಿಮ್ಮ ಮನ್ಯಾಗ ಜ್ವರ ಬಂದವ್ರು ಡ್ಯೂಟಿಗೆ ಹೋಗ್ತಾರೇನು, ಮೌಶಿ?"

"ಛೇ ಛೇ! ಮನ್ಯಾಗ ಮಲಗ್ತಾರವಾ."

ಅದೇ ಬೆಳಿಗ್ಗೆ ನನ್ನ ಗಂಡ ಸಂಗಪ್ಪ ಮೈ ಸುಡುತ್ತಿದ್ದರೂ ಒಂದು ಗುಳಿಗೆ ನುಂಗಿ, ಕೆಮ್ಮುತ್ತ ಲೋಕಲ್ ಹತ್ತಿ ಫೋರ್ಟಿನ ಹೋಟೆಲಿಗೆ ಕೆಲಸಕ್ಕೆ ಹೋಗಿದ್ದರು.

"ಹದಿನಾರಕ್ಕ ಹದಿನಾರು ಬಂತಲ್ಲ! ಅಕೀಗೆಷ್ಟು ಬಂತು?" ಎಂದು ಕೇಳಿಯೇಬಿಟ್ಟೆ.

ಸಪ್ನಾ ನಕ್ಕಳು. "ಇದು ಎಕ್ಸಾಮ್ ಅಲ್ಲ, ಮೌಶಿ. ಜನರಿಗಿ ಏನ್ ಗೊತ್ತಿಲ್ಲ ಅಂತ ನಮಗ ತಿಳದ್ರ, ಅದನ್ನ ಹೇಳಾಕ ಬರ್ತೀವಿ." ನನಗೆ ಹತ್ತು ನಿಮಿಷ, ಸುಂದ್ರವ್ವನಿಗೆ ಒಂದು ತಾಸು. ಮೇಲಿಂದ ಭಾನುವಾರ ಚಾಳಿನವರಿಗೆಲ್ಲ ತಿಳಿಸಿ ಹೇಳುವ ಸಭೆ ಬೇರೆ, ಅದೂ ಸುಂದ್ರವ್ವನ ಬಾಗಿಲಲ್ಲಿ. ಪಾಸಾದವಳು ನಾನು, ಮರ್ಯಾದೆ ನಪಾಸಾದವಳಿಗೆ! ಭಾನುವಾರ ನಾನು ಬಾಗಿಲು ಹಾಕಿಕೊಂಡು ಟಿವಿ ಜೋರು ಮಾಡಿದೆ. ಮಾಧುರಿಯನ್ನೂ ಹೋಗಗೊಡಲಿಲ್ಲ.

ಸೋಮವಾರ ಮಾಧುರಿಗೆ ಜ್ವರ ಬಂತು. ಅವಳಿಗೆ ಏಳು ತಿಂಗಳು. ಮಗ ಕೆಲಸದ ಮೇಲೆ ಪುಣೆಗೆ ಹೋಗಿದ್ದ. "ಅದೇ ದಿನ ಡಾಕ್ಟರ ಬಳಿ" ಎಂಬ ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಆದರೆ ಮಗ್ಗಿ ಬಂದರೆ ಸಾಕೇ, ಲೆಕ್ಕ ಬಿಡಿಸಲು ಬರಬೇಡವೇ? ಇಂಥ ಜ್ವರ ಎಷ್ಟು ನೋಡಿಲ್ಲ ಎಂದುಕೊಂಡೆ. ಇನ್ನೊಂದು ಮಾತೂ ಇತ್ತು. ಮೆಟ್ಟಿಲಿಳಿದರೆ ಸುಂದ್ರವ್ವ ನೋಡುತ್ತಾಳೆ. "ಹದಿನಾರಕ್ಕ ಹದಿನಾರು ಅಂತ ಮೆರದ್ಯಲ್ಲ, ಮತ್ತ ನಿನ್ನ ಮನ್ಯಾಗ ಜ್ವರ ಹೆಂಗ ಬಂತು?" ಎಂದು ಕೇಳುತ್ತಾಳೆ. ಅವಳ ಮುಂದೆ ತಲೆ ತಗ್ಗಿಸುವುದೇ? ಕಷಾಯ ಕಾಸಿ ಕೊಟ್ಟು ಬಾಗಿಲು ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಮಾಧುರಿಗೆ ಒಂದು ಮಾತು ಪೂರಾ ಆಡಲಾಗಲಿಲ್ಲ. ನಡುವೆಯೇ ಏದುಸಿರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಅಂಬವ್ವ, ನಿನ್ನೀಲಿಂದ ಮಾಧುರಿ ನಳಕ್ಕ ಬಂದಿಲ್ಲ. ಏನಾಗೇದ?"

"ಏನಿಲ್ಲ. ನೆಗಡಿ ಅಷ್ಟ." ನಾನು ಬಾಗಿಲಿಗೆ ಅಡ್ಡ ನಿಂತೆ.

ಒಳಗೆ ಮಾಧುರಿ ಕೆಮ್ಮಿದಳು. ಸುಂದ್ರವ್ವ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು, ನನ್ನನ್ನು ಸರಿಸಿ ಒಳಗೆ ಬಂದಳು.

"ಯವ್ವಾ, ಉಸಿರು ನೋಡು ಹೆಂಗ ಹೊಂಟದ! ಬಸುರೆಂಗಸಿಗೆ ಫ್ಲೂ ಭಾಳ ಕೆಟ್ಟದ್ದು. ಎರಡು ದಿನದೊಳಗ ಔಷಧ ಸುರು ಆದ್ರ ಛಲೋ ಹತ್ತತದ. ಲಗೂನ ನಡಿ. ಅಕೀಗೆ ಮಾಸ್ಕ್ ಹಾಕು."

ಆ ಹೊತ್ತಿನಲ್ಲೂ ನನ್ನ ಹೊಟ್ಟೆಕಿಚ್ಚು ಸುಮ್ಮನಿರಲಿಲ್ಲ ನೋಡಿ. "ನಿನಗಿದೆಲ್ಲಾ ಹೆಂಗ ಗೊತ್ತು? ಒಂಬತ್ತು ತಪ್ಪು ಹೇಳಿದಾಕಿ ನೀ!"

ಸುಂದ್ರವ್ವ ಮಾಧುರಿಯನ್ನು ಎಬ್ಬಿಸುತ್ತಲೇ ಹೇಳಿದಳು. "ತಪ್ಪು ಹೇಳಿಲ್ಲವಾ. ಗೊತ್ತಿಲ್ಲ ಅಂದೆ. ಅದಕ್ಕ ಅವರು ಹೇಳಿಕೊಟ್ರು."

ಟ್ಯಾಕ್ಸಿಯಲ್ಲಿ ದವಾಖಾನೆಗೆ ಹೋದೆವು. ಮಾಧುರಿಗೆ ಆಕ್ಸಿಜನ್ ಹಚ್ಚಿದರು. ನನ್ನ ಸೊಕ್ಕಿಗೆ ಎರಡು ಜೀವ ಹೋಗುತ್ತಿದ್ದವಲ್ಲ ಎಂದು ಬೆಂಚಿನ ಮೇಲೆ ಕೂತು ಅತ್ತೆ. ಇದು ಪ್ರತಿ ವರ್ಷ ಬರುವ ಫ್ಲೂನೇ, ಇದೇ ಬಸುರಿಯರನ್ನು ಹೀಗೆ ಕಾಡುತ್ತದೆ, ಇನ್ನು ಯಾರ ಮೈಗೂ ಪರಿಚಯವಿಲ್ಲದ ಹೊಸ ಫ್ಲೂ ಬಂದರೆ ಹೇಗೆ ನೋಡಿ ಎಂದರು ಡಾಕ್ಟರು. ಇವತ್ತೇ ಕರೆತಂದದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಕರೆತಂದವಳು ನಾನಲ್ಲ, ಸುಂದ್ರವ್ವ.

ಆರನೆಯ ದಿನ ಮಾಧುರಿ ಮನೆಗೆ ಬಂದಳು. ನಾನು ಸಪ್ನಾಳಿಗೆ ಹೇಳಿ ಕಳಿಸಿದೆ. ಈ ಸಲ ಸುಂದ್ರವ್ವನನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ.

"ನನ್ನ ಹಾಳಿ ಎಲ್ಲದವಾ?"

"ನನ್ನ ಕಡೇನ ಅದ, ಮೌಶಿ."

"ಹಂಗಾರ ತಿದ್ದು. ಜ್ವರ ಬಂದ್ರೂ ನಮ್ಮವರು ಡ್ಯೂಟಿಗೆ ಹೋಗ್ತಾರ. ರಜಾ ಹಾಕಿದ್ರ ಪಗಾರ ಕಟ್ ಆಗತದ ಅಂತ ಹೋಗ್ತಾರ. ಡಾಕ್ಟರ್ ಕಡೆ ನಾ ಅದ ದಿನಾ ಹೋಗಲಿಲ್ಲ. ಫ್ಲೂ ಬರಬಾರದಂತ ಬಸುರೆಂಗಸರಿಗೆ ಸೂಜಿ ಕೊಡ್ತಾರಂತ, ದವಾಖಾನ್ಯಾಗ ಹೇಳಿದ್ರು, ಅದು ನನಗ ಗೊತ್ತ ಇದ್ದಿಲ್ಲ. ಎಲ್ಲಾ ಬರಕೋ."

ಸಪ್ನಾ ಬರೆದುಕೊಂಡಳು. "ಇದ ಬೇಕಾಗಿತ್ತು ಮೌಶಿ. ಎಲ್ಲಾರೂ ಮನ್ಯಾಗ ಇರ್ತೀವಿ ಅಂದ್ರ, ಹೋಟೆಲಿನ ಮಾಲಕರಿಗಿ ರಜಾ ಕೊಡ್ರಿ ಅಂತ ನಾವು ಹೆಂಗ ಹೇಳೋದು?" ಎಂದಳು. ನನ್ನ ಮನೆಯಲ್ಲೂ ಅವಳು ಪೂರಾ ಒಂದು ತಾಸು ಕೂತಳು. ನಾನು ಗಡಿಯಾರ ನೋಡಿಕೊಂಡೆ.

ಈಗ ಮೊಮ್ಮಗಳು ಬಂದಿದ್ದಾಳೆ. ನನ್ನ ತೊಡೆಯ ಮೇಲೆ ಅಳುತ್ತಾಳೆ, ಸುಂದ್ರವ್ವ ಎತ್ತಿಕೊಂಡರೆ ಸುಮ್ಮನಾಗುತ್ತಾಳೆ. ಹೊಟ್ಟೆ ಇನ್ನೂ ಉರಿಯುತ್ತದೆ, ಸುಳ್ಳೇಕೆ ಹೇಳಲಿ?

ಅಕ್ಕತಂಗಿಯರೇ, ನಿಮ್ಮ ಬಾಗಿಲಿಗೂ ಹಾಳೆ ಹಿಡಿದ ಹುಡುಗಿ ಬಂದಾಳು. ಮನೆಯಲ್ಲಿ ನಡೆಯುವುದನ್ನೇ ಹೇಳಿ. ಜ್ವರ, ಕೆಮ್ಮು ಬಂದವರು ಮನೆಯಲ್ಲಿರಲಿ, ಬಾಯಿ ಮುಚ್ಚಿ ಕೆಮ್ಮಲಿ, ಕಿಟಕಿ ತೆರೆದಿರಲಿ. ಬಸುರಿಗೆ, ಕೂಸಿಗೆ, ಮುದುಕರಿಗೆ, ಮೊದಲೇ ಕಾಯಿಲೆ ಇದ್ದವರಿಗೆ ಜ್ವರ ಬಂದರೆ ಕಷಾಯ ನಂಬಿ ದಿನ ಕಳೆಯಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಲಸಿಕೆಯ ಬಗ್ಗೆಯೂ ಅವರನ್ನೇ ಕೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಅದನ್ನೂ ಪಕ್ಕದ ಮನೆಯವಳಿಗಿಂತ ಮೊದಲು ಹೇಳಿ!