ಹೆಸರು ಹತ್ತದ ನಾಲ್ಕು ಹುಣಸೆಬೀಜ

ಮಹಾನವಮಿಯ ಬೆಳಿಗ್ಗೆ ಮಿಂದು ತಲೆ ಒರೆಸಿಕೊಳ್ಳುತ್ತ ಬಂದ ಸುಮನಾ ದೇವರ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಮಣೆಯ ಮೇಲೆ ಕತ್ತಿ, ಕುಡುಗೋಲು, ಈಳಿಗೆಮಣೆ, ಅವಳ ಸ್ಕೂಟಿಯ ಕೀಲಿ. ಅವುಗಳ ಪಕ್ಕದಲ್ಲಿ ಅವಳ ಹಕ್ಕಿ ಡೆಕ್ಕು. ನಲವತ್ತು ಕಾರ್ಡುಗಳ ಕಟ್ಟಿಗೆ ಅರಿಶಿನದ ದಾರ ಸುತ್ತಿ, ಮೇಲಿನ ಕಾರ್ಡಿಗೆ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಏರಿಸಿ, ಅಜ್ಜಿ ಕೆರಿಯಮ್ಮ ಕೈ ಮುಗಿದೂ ಆಗಿತ್ತು.

"ಅಯ್ಯೋ ಅಜ್ಜೀ, ಇದನ್ನ ಯಾಕೆ ಇಟ್ಟೆ ಮಾರಾಯ್ತಿ?"

"ಬೆಳಗಾದ್ರೆ ಅದನ್ನೇ ಹಿಡ್ಕಂಡು ಕೂರ್ತೀಯಲ್ಲೇ. ಅದು ವಿದ್ಯೆಯೋ ಆಯುಧವೋ ನಂಗೊತ್ತಾಗ್ಲಿಲ್ಲ. ಎರಡಕ್ಕೂ ಇವತ್ತೇ ಪೂಜೆ ಅಲ್ಲನಾ? ಇಟ್ಟೆ."

ಆ ಮನೆಯಲ್ಲಿ ಪೂಜೆಗೆ ಇಟ್ಟದ್ದನ್ನು ವಿಜಯದಶಮಿಯ ಬೆಳಿಗ್ಗೆ ಆರತಿ ಎತ್ತಿ ಕದಲಿಸುವ ತನಕ ಯಾರೂ ಮುಟ್ಟುವುದಿಲ್ಲ. ಪೆನ್ನೂ ಹಿಡಿಯುವುದಿಲ್ಲ. ಸುಮನಾಳಿಗೂ ಮುಟ್ಟುವ ಮನಸ್ಸು ಬರಲಿಲ್ಲ. ಆದರೆ ನಾಳೆಯ ಆಟಕ್ಕೆ ಡೆಕ್ಕನ್ನು ತಿದ್ದಲು ಅವಳಿಗಿದ್ದದ್ದು ಈ ಒಂದೇ ದಿನ.

ಹೊಸನಗರದ ಜೆರಾಕ್ಸ್ ಅಂಗಡಿಯಲ್ಲಿ ವಾರವಿಡೀ ದುಡಿಯುವ ಸುಮನಾ ರಜೆ ಬಂತೆಂದರೆ ಸಾಗರದ ಬಸ್ಸು ಹತ್ತುತ್ತಾಳೆ. ಅಲ್ಲಿ ಗಣೇಶಮೂರ್ತಿಯವರ ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ ಹತ್ತು ಹನ್ನೆರಡು ಜನ ಸೇರಿ ಕಾರ್ಡಾಡುತ್ತಾರೆ. ಇಸ್ಪೀಟಲ್ಲ. ಪ್ಯಾಕೆಟ್ಟು ಕೊಂಡು, ಅದಲುಬದಲು ಮಾಡಿಕೊಂಡು, ಒಬ್ಬೊಬ್ಬರೂ ತಮ್ಮದೇ ನಲವತ್ತು ಕಾರ್ಡು ಜೋಡಿಸಿ ತರುವ ಆಟ. ಸರದಿಗೊಂದು ಕಾರ್ಡು ಎಳೆಯಬೇಕು, ಕೈಯಲ್ಲಿದ್ದರೆ ಒಂದು ಮರದ ಕಾರ್ಡು ನೆಡಬೇಕು. ಪ್ರಾಣಿ ದೊಡ್ಡದಾದಷ್ಟೂ ಹೆಚ್ಚು ಮರ ಬೇಕು. ಎದುರಾಳಿಯ ಇಪ್ಪತ್ತು ಅಂಕ ಇಳಿಸಿದವರು ಗೆದ್ದರು. ಉಳಿದವರು ಹುಲಿ, ಹಾವು, ಕಾಳ್ಗಿಚ್ಚು ಎಲ್ಲ ಕಲಸಿ ತಂದರೆ ಸುಮನಾಳದ್ದು ಬರೀ ಹಕ್ಕಿ.

ಬ್ಯಾಂಕಿನ ಗುಮಾಸ್ತ ಶ್ರೀಕರನ ಹುಲಿಗೆ ಆ ಹಕ್ಕಿಗಳು ಐದು ಸಲ ಸೋತಿದ್ದವು. ಹೋದ ವಾರ ಅವನು ಎಲ್ಲರೆದುರಿಗೇ ಕೇಳಿದ್ದ: "ಏನ್ ಸುಮನಾ, ಆಡೋಕೆ ಬಂದ್ರಾ, ಹಕ್ಕಿಗೆ ಕಾಳು ಹಾಕೋಕೆ ಬಂದ್ರಾ?" ಉರಿದುಹೋದ ಅವಳ ಬಾಯಿಂದ ಮಾತು ಜಾರಿಬಿಟ್ಟಿತ್ತು. "ದಶಮಿ ದಿನವೂ ಸೋತ್ರೆ ಈ ಡೆಕ್ ಬಿಚ್ಚಿ ಎಲ್ಲರಿಗೂ ಹಂಚ್ತೀನಿ, ನೋಡಿ."

ಮಧ್ಯಾಹ್ನ ಊಟವಾದ ಮೇಲೆ ಮೊಮ್ಮಗಳ ಬಾಡಿದ ಮುಖ ನೋಡಲಾರದೆ ಕೆರಿಯಮ್ಮ ಚೌಕಾಬಾರದ ಹುಣಸೆಬೀಜದ ಡಬ್ಬಿ ತಂದು ಸುರಿದಳು.

"ಎಷ್ಟು ಕಾರ್ಡೇ?"

"ನಲವತ್ತು."

"ನಲವತ್ತು ಎಣಿಸು. ಒಂದೊಂದರ ಹೆಸರು ಹೇಳ್ತಾ ಈ ಕಡೆ ದೂಡು. ಸೋಬಾನೆ ಹಾಡೋಕೆ ನಾನೆಂತ ಪುಸ್ತಕ ಹಿಡ್ಕಂಡು ಕೂರ್ತೀನಾ?"

ಸುಮನಾ ಮೊದಲು ದೂಡಿದ್ದು ಮೂರು ಬೀಜ. "ಇವು ಮಂಗಟ್ಟೆ, ಆ ದೊಡ್ಡ ಕೊಕ್ಕಿನ ಹಕ್ಕಿ. ನನ್ನ ಡೆಕ್ಕಿನ ರಾಜ. ಬಂತು ಅಂದ್ರೆ ಒಂದೇ ಏಟಿಗೆ ಎಂಟು ಅಂಕ."

"ಎಷ್ಟು ಮರ ಬೇಕು ಅದಕ್ಕೆ?"

"ಏಳು."

"ಏಳು ಮರ ಬೆಳೆಯೋ ತನಕ ಆ ಹುಲಿಯೋನು ಎಂತ ಮಾಡ್ತಾನೆ?"

"ಹೊಡೀತಾನೆ."

"ಮತ್ತೆ ಅದು ಬಂದು ಗೆಲ್ಸಿದ್ದು ಯಾವತ್ತು?"

ಸುಮನಾ ಮುಂದಿನ ಬೀಜಕ್ಕೆ ಕೈಯಿಟ್ಟಳು. ಹದಿನೇಳು ಮರದ ಕಾರ್ಡು ಹೋದವು. ಆಮೇಲೆ ನಾಲ್ಕು ಕಾಜಾಣ.

"ಕಾಜಾಣ ಹದ್ದನ್ನೂ ಅಟ್ಟಿಸ್ಕಂಡು ಹೋಗ್ತದೆ. ಇದರಲ್ಲೂ ಹಾಗೇನಾ?"

"ಹೌದಜ್ಜಿ! ಎಂಥ ದೊಡ್ಡ ಪ್ರಾಣಿ ಇದ್ರೂ ವಾಪಸ್ ಅವರ ಕೈಗೇ ಓಡಿಸ್ತದೆ."

"ಓಹೋ. ಈ ಆಟ ಕಟ್ಟಿದೋನು ಗದ್ದೆ ಬದು ಕಂಡೋನೇ ಬಿಡು."

ಮರಕುಟಿಗ, ಮಿಂಚುಳ್ಳಿ, ಗೂಬೆ, ನಾಲ್ಕು ನಾಲ್ಕು. ಅಲ್ಲಿಗೆ ಹೆಸರು ಮುಗಿದವು. ನೆಲದ ಮೇಲೆ ಇನ್ನೂ ನಾಲ್ಕು ಬೀಜ ಉಳಿದಿದ್ದವು. ಮೊದಲಿಂದ ಎಣಿಸಿದರೂ ನಾಲ್ಕು. ತಿಂಗಳುಗಟ್ಟಲೆ ಕೈಯಲ್ಲಿ ಆಡಿಸಿದ ಡೆಕ್ಕಿನಲ್ಲಿ ಹೆಸರೇ ಹತ್ತದ ನಾಲ್ಕು! ಯಾವುದಿರಬಹುದು? ಕಣ್ಣು ಮುಚ್ಚಿ ಯೋಚಿಸಿದರೂ ಹೊಳೆಯಲಿಲ್ಲ.

"ನೆನಪೇ ಆಗದ್ದು ಇದ್ರೆಷ್ಟು ಬಿಟ್ರೆಷ್ಟು," ಎಂದಳು ಸುಮನಾ, ಗೆಲುವಾಗಿಯೇ. "ಅವನ್ನೇ ತೆಗೀತೀನಿ."

"ಇರಬಹುದು. ಮುಖ ನೋಡದೇ ಹೊರಗೆ ಹಾಕಬೇಡ," ಎಂದು ಅಜ್ಜಿ ಆ ನಾಲ್ಕು ಬೀಜಗಳನ್ನು ಎತ್ತಿ ದೀಪದ ಬುಡದಲ್ಲಿಟ್ಟಳು.

ಮರುದಿನ ಆರತಿಯಾಗಿ ಎಲ್ಲವನ್ನೂ ಕದಲಿಸಿದ ಮೇಲೆ ಸುಮನಾ ದಾರ ಬಿಚ್ಚಿದಳು. ಒಂದೊಂದೇ ಕಾರ್ಡು ಮಗುಚುತ್ತ ಹೋದವಳಿಗೆ ಸಿಕ್ಕಿದ್ದು ನಾಲ್ಕು ಪಿಕಳಾರ. ಬೇಲಿಯ ಮೇಲೆ ದಿನಾ ಕೂರುವ, ಯಾರೂ ತಲೆಯೆತ್ತಿ ನೋಡದ ಪಿಕಳಾರ. ಒಂದೇ ಮರ ಸಾಕು ಅದಕ್ಕೆ. ಬಂದು ಕೂತೊಡನೆ ಇನ್ನೊಂದು ಕಾರ್ಡು ಎಳೆಯಲು ಬಿಡುತ್ತದೆ, ಅಷ್ಟೇ. ಸುಮನಾ ಹಿಂದಿನ ಆಟಗಳನ್ನು ನೆನೆದಳು. ಕಾಜಾಣ ಬೇಕಾದಾಗ ತಂದುಕೊಟ್ಟದ್ದು ಯಾರು? ಮರ ಸಿಗದೆ ಒದ್ದಾಡುವಾಗ ಮರ ತಂದದ್ದು? ಪ್ರತಿ ಸಲವೂ ಇದೇ.

"ಅಜ್ಜೀ, ಇದಿಲ್ಲದೆ ನಾನು ಒಂದಾಟವೂ ಆಡಿಲ್ಲ. ನೆನಪೇ ಆಗ್ಲಿಲ್ವಲ್ಲ!"

"ಉಸಿರಾಡಿದ್ದು ಯಾರಿಗೆ ನೆನಪಿರ್ತದೆ ಮಗಾ."

ಹಾಗಾದರೆ ಹೊರಗೆ ಹೋಗಬೇಕಾದದ್ದು ಯಾವುದು? ಬಂದು ಗೆಲ್ಲಿಸಿದ್ದು ಯಾವತ್ತು ಎಂಬ ಅಜ್ಜಿಯ ನಿನ್ನೆಯ ಪ್ರಶ್ನೆ ಅವಳ ಕಿವಿಯಲ್ಲಿ ಹಾಗೇ ಉಳಿದಿತ್ತು. ಆದರೆ ಕಟ್ಟಿನ ತುದಿಯಲ್ಲಿ, ಕುಂಕುಮ ಹಚ್ಚಿಸಿಕೊಂಡು ಕೂತಿದ್ದದ್ದು ಮಂಗಟ್ಟೆಯೇ. ಕುಂಕುಮ ಹತ್ತಿದ ಕಾರ್ಡನ್ನು ತೆಗೆದುಹಾಕುವುದು ಹೇಗೆ? ಕೈ ಬರಲಿಲ್ಲ.

ಕೆರಿಯಮ್ಮ ನಕ್ಕಳು. "ದೇವಸ್ಥಾನದಲ್ಲಿ ಮೂಲಮೂರ್ತಿ ಎಂದಾದ್ರೂ ಬೀದಿಗೆ ಬರ್ತದನೇ? ಅದು ಒಳಗೇ ಕೂತಿರ್ತದೆ. ಊರು ಸುತ್ತೋದು ಉತ್ಸವಮೂರ್ತಿ. ನಿನ್ನ ರಾಜನೂ ಇಲ್ಲೇ ಇರ್ಲಿ. ತಿರುಗೋರು ತಿರುಗ್ಲಿ."

ಮೂರು ಮಂಗಟ್ಟೆಗಳೂ ದೇವರ ಗೂಡು ಸೇರಿದವು. ಉಳಿಕೆ ಕಾರ್ಡಿನ ಡಬ್ಬಿಯಿಂದ ಮೂರು ಮಡಿವಾಳ ಹಕ್ಕಿ ಡೆಕ್ಕಿಗೆ ಬಂದವು. ಒಂದೊಂದೇ ಮರ ಬೇಡುವ ಬಡಪಾಯಿಗಳು. ದಾರಿಯಲ್ಲಿ ಬಟ್ಟೆಮಲ್ಲಪ್ಪ ಊರು ದಾಟುವ ತನಕವೂ ಸುಮನಾ ಸಾಗರದ ಬಸ್ಸಿನಲ್ಲಿ ಅವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಅಂಗಡಿಯ ಮಹಡಿಯಲ್ಲಿ ಶ್ರೀಕರನೊಡನೆ ಆಟ ಮುಕ್ಕಾಲು ಗಂಟೆ ನಡೆಯಿತು. ಎರಡನೆಯ ಸರದಿಗೆ ಪಿಕಳಾರ ಕೂತಿತು, ಅದರ ಹಿಂದೆ ಮಡಿವಾಳ. ಶ್ರೀಕರನ ಹುಲಿ ಇಳಿದಾಗ ಸುಮನಾಳ ಕೈಯಲ್ಲಿ ಕಾಜಾಣ ಸಿದ್ಧವಾಗಿತ್ತು. ಹುಲಿ ವಾಪಸ್ ಓಡಿತು, ಮತ್ತೆ ಬಂತು, ಮತ್ತೆ ಓಡಿತು. ಸಣ್ಣ ಹಕ್ಕಿಗಳು ಒಂದೊಂದೇ ಅಂಕ ಕುಕ್ಕುತ್ತಲೇ ಇದ್ದವು. ಸುಮನಾಳಿಗೆ ಎರಡೇ ಅಂಕ ಉಳಿದಿದ್ದಾಗ ಶ್ರೀಕರನದ್ದು ಸೊನ್ನೆಗೆ ಬಂತು.

ಅವನು ಕೈಯಲ್ಲಿದ್ದ ಎರಡು ಕಾಳ್ಗಿಚ್ಚಿನ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದ. "ನಿಮ್ಮ ಮಂಗಟ್ಟೆ ಸುಡೋಕೆ ಅಂತ ಮೊದಲಿಂದ ಹಿಡ್ಕೊಂಡು ಕೂತಿದ್ದೆ ಮಾರಾಯ್ರೇ. ಎಲ್ಲಿ ಅದು?"

"ಮನೇಲಿ, ದೇವರ ಹತ್ರ."

"ಹಾಗಾದ್ರೆ ಡೆಕ್ ಹಂಚೋದಿಲ್ವಾ?"

"ಇಲ್ಲ. ಹಕ್ಕಿಗೆ ಕಾಳು ಬೇಕಾದ್ರೆ ನೀವೇ ತನ್ನಿ."

ಸಂಜೆ ಮನೆ ಮುಟ್ಟಿದಾಗ ಕೆರಿಯಮ್ಮ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ನಾಲ್ಕು ಬೀಜ ಇನ್ನೂ ಅಲ್ಲೇ ಇದ್ದವು. ಗೆದ್ದೆಯಾ ಎಂದು ಅಜ್ಜಿ ಕೇಳಲಿಲ್ಲ. ಅದು ಮುಖದಲ್ಲೇ ಇತ್ತು.

"ಪಿಕಳಾರ ಎಷ್ಟು ಸಲ ಬಂತೇ?"

"ಮೂರು ಸಲ ಅಜ್ಜಿ," ಎಂದಳು ಸುಮನಾ. "ಈ ಸಲ ಎಣಿಸಿದೆ."