ಎರಡನೆಯ ಸಹಿ

೨೦೨೧ನೆಯ ಇಸವಿ ಅಕ್ಟೋಬರ್ ಹದಿನೇಳು, ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತು — ಹೊಳೆಯ ತಳಕ್ಕೆ ಹಾಸಿದ ಬಿಳಿ ಹಲಗೆಯ ಮೇಲೆ ತೇಲಿ ಇಳಿದ ಎಲೆಗಳು ನಲವತ್ತೊಂದು, ಏರಿದ ಮೀನು ಸೊನ್ನೆ. ಇದು ಮೀನು ಏರುವ ತಿಂಗಳಲ್ಲವೆಂದು ಬಲ್ಲೆ, ಆದರೂ ಹೆಬ್ಬೆರಳು ತಾನಾಗಿ ಬಾಗುತ್ತದೆ, ಎಣಿಕೆಯ ಗುಂಡಿ ಅಂಗೈಯಲ್ಲಿ ಇಲ್ಲದಿದ್ದರೂ. ನಲವತ್ತೆರಡು. ಹಲಗೆ ಈಗ ಬಿಳಿಯೂ ಅಲ್ಲ, ಐದು ತಿಂಗಳ ಪಾಚಿ ಹಿಡಿದಿದೆ, ಹೊಳೆಗೆ ಅಡ್ಡಲಾಗಿ ನೆಟ್ಟ ಬಿದಿರಿನ ತಡಿಕೆ ಎಡಕ್ಕೆ ವಾಲಿದೆ, ನಡುವೆ ಮೊಳದಗಲದ ಒಂದೇ ಕಿಂಡಿ — ರೆಂಗಾಸ್ ಕೆರೆಯಿಂದ ಮೊಟ್ಟೆಯಿಡಲು ಮೇಲಕ್ಕೆ ಹೋಗುವ ಮೀನೆಲ್ಲ ಆ ಕಿಂಡಿಯಲ್ಲೇ ನುಸುಳಬೇಕು, ನುಸುಳುವಾಗ ತಳದ ಬಿಳುಪಿನ ಮೇಲೆ ಅದರ ಕರಿಯ ಬೆನ್ನು ಕಾಣಬೇಕು, ಕಂಡದ್ದನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಬೇಕು, ಇಬ್ಬರೂ ಸಹಿ ಮಾಡಬೇಕು. ಈ ಕ್ರಮವನ್ನು ಬರೆದವನು ನಾನು, ಯಜ್ಞನಾರಾಯಣ, ಮೂವತ್ತೊಂದು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸಿದವನು. ಮೀನುಗಾರಿಕೆಯ ಕಚೇರಿಯವರು ಕೇಳಿದ್ದು ಒಂದೇ ಸಹಿ, ಎರಡು ಇರಲಿ ಎಂದು ಸೇರಿಸಿದವನೂ ನಾನೇ. ಯಾಕೆ ಮೇಷ್ಟ್ರೇ, ನನ್ನ ಮೇಲೆ ನಂಬಿಕೆ ಇಲ್ವಾ, ಎಂದು ಜೊತೆಯ ಎಣಿಕೆಗಾರ ಚಾಮಯ್ಯ ನಕ್ಕಿದ್ದ, ನಂಬಿಕೆಯ ಪ್ರಶ್ನೆಯಲ್ಲ, ಕಣ್ಣಿನ ಪ್ರಶ್ನೆ, ಎಂದಿದ್ದೆ, ಕಣ್ಣು ಎರಡಿವೆಯಲ್ಲ ನಂಗೆ, ಎಂದಿದ್ದ. ಎರಡಿದ್ದವು. ಇದ್ದವು ಎಂದು ಬರೆಯಬೇಕಾದ ಕಾಲ ಬಂತು.

ತೊಡೆಯ ಮೇಲೆ ಅವನ ಪುಸ್ತಕ, ನೀಲಿ ರಟ್ಟು, ನೀರಿನ ಕಲೆ. ಒಂದು ಗಂಟೆಯ ಹಿಂದೆ ಅವನ ಹೆಂಡತಿ ಚಂದ್ರಮ್ಮ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು — ಇದು ನಿಮ್ದಂತೆ ಸಾ, ನೀವೇ ಬಂದು ಈಸ್ಕೋಬೇಕು ಅಂದಿದ್ರು, ಬೇರೆ ಯಾರಿಗೂ ಕೊಟ್ಟಿಲ್ಲ. ನಾಳೆ ಸೋಮವಾರ, ಕಚೇರಿಗೆ ಲೆಕ್ಕ ಒಪ್ಪಿಸಲು ಕೊನೆಯ ದಿನ. ಮೂರು ವರ್ಷ ಸತತವಾಗಿ, ಪ್ರತಿವರ್ಷ ಮುನ್ನೂರಕ್ಕೆ ಮೇಲೆ, ಎರಡು ಸಹಿಯೊಡನೆ, ಆಗ ಮಾತ್ರ ಕೆರೆಯಲ್ಲಿ ಗಾಳಕ್ಕೆ ಅನುಮತಿ, ಹಿಡಿದು, ತೂಗಿ, ಮರಳಿ ಬಿಡುವ ಗಾಳಕ್ಕೆ, ಹದಿನಾಲ್ಕು ದೋಣಿಯವರು ಅದಕ್ಕೇ ಬಲೆ ಹಾಕುವುದನ್ನು ನಿಲ್ಲಿಸಿ ಹತ್ತು ವರ್ಷ ಕಾದಿದ್ದಾರೆ. ಒಂದು ವರ್ಷ ಬಿಟ್ಟುಹೋದರೆ ಒಂದರಿಂದ ಮತ್ತೆ ಆರಂಭ, ಅವರು ಇನ್ನು ಕಾಯುವುದಿಲ್ಲ, ಬಲೆ ಮತ್ತೆ ಇಳಿಯುತ್ತದೆ. ೨೦೧೯: ಮುನ್ನೂರ ನಾಲ್ಕು, ಮುನ್ನೂರ ಒಂದು. ೨೦೨೦: ಮುನ್ನೂರ ನಲವತ್ತೊಂದು, ಮುನ್ನೂರ ಮೂವತ್ತೆಂಟು. ಅವನದೂ ನನ್ನದೂ ಎಂದೂ ಕೂಡಿಬರಲಿಲ್ಲ, ಕೂಡಿಸಲು ನಾನು ಬಿಡಲಿಲ್ಲ, ಸುಳ್ಳು ಲೆಕ್ಕ ಮಾತ್ರ ಪೂರ್ತಿ ಹೊಂದುತ್ತದೆ ಚಾಮಯ್ಯ, ಎಂದಿದ್ದೆ. ಈ ವರ್ಷದ ಪುಟದಲ್ಲಿ ಅವನ ದಪ್ಪಕ್ಷರ — ಬಲಗೈ ೩೮೮. ಎಡಗೈ ೩೮೭. ಕೆಳಗೆ ಅವನ ಸಹಿ, ಅದರ ಪಕ್ಕದಲ್ಲಿ ಖಾಲಿ ಚೌಕ.

ಅಪ್ಪಾ, ಎಂದು ವಾಸಂತಿ ದಂಡೆಯ ಮೇಲಿನಿಂದ ಕೂಗುತ್ತಾಳೆ, ನನ್ನ ಮಗಳು, ರಾಜಧಾನಿಯ ಪಕ್ಕದ ನಮ್ಮ ಪುಚೊಂಗಿನಿಂದ ನಾಲ್ಕು ಗಂಟೆ ಕಾರು ನಡೆಸಿದವಳು, ಮಾಮಕ್ ಅಂಗಡೀಲಿ ರೋಟಿ ಚನಾಯ್ ತಪಾವ್ ಮಾಡಿಸ್ಲಾ, ದಾರೀಲಿ ತಿನ್ನೋಕೆ ಕಟ್ಟಿಸ್ಲಾ, ಮಧ್ಯಾಹ್ನ ಮನೆ ಸೇರೋಕಾಗಲ್ಲ — ಮಾಡಿಸು, ಎಂದೆನೋ ಇಲ್ಲವೋ — ಮೊಮ್ಮಗಳು ತನ್ವಿ ಕೆಳಗಿಳಿದು ಬಂದು ಮುಖಗವುಸು ಗದ್ದಕ್ಕೆ ಜಾರಿಸಿ, ಅಜ್ಜ, ಸ್ಟಿಲ್ ಕೌಂಟಿಂಗ್ ಆ, ನೋ ಫಿಶ್ ಲಾ, ಎನ್ನುತ್ತಾಳೆ. ಸೊನ್ನೆಯೂ ಎಣಿಕೆಯೇ ಮಗು. ಅವಳಿಗೆ ಅರ್ಥವಾಗಿದೆ, ಮೇಲೆ ಹತ್ತಿ ಹೋದಳು. ಅವಳ ಚಪ್ಪಲಿಯ ಗುರುತು ಏಳು, ಮರಳಿನ ಮೇಲೆ ಚಾಮಯ್ಯನ ಮೂರು ಕಾಲಿನ ಮಣೆಯ ಗುರುತು ಇರಬೇಕಿತ್ತು, ಮಳೆ ತೊಳೆದಿದೆ.

ಮೊದಲ ವರ್ಷದ ಎಣಿಕೆ ಹನ್ನೊಂದು. ಹನ್ನೊಂದೇ ಮೀನು. ಅದಕ್ಕೆ ಹಿಂದೆ ರಸ್ತೆಯವರು ಹೊಳೆಗೆ ಹಾಕಿದ್ದ ಸಿಮೆಂಟ್ ಕೊಳವೆ ನೀರಿಗಿಂತ ಗಜದೆತ್ತರ ನಿಂತಿತ್ತು, ಇಲ್ಲಿಯವರು ಕೆಲಾ ಎನ್ನುವ ಈ ಮೀನು ನೆಗೆದು ನೆಗೆದು ತಲೆ ಒಡೆದುಕೊಂಡು ಸಾಯುತ್ತಿತ್ತು, ಕೊನೆಗೆ ಕೆರೆಯಲ್ಲಿ ಅದರ ವಂಶವೇ ಇಲ್ಲ. ಚಾಮಯ್ಯ, ಕೊಳ್ಳೇಗಾಲದ ಕಡೆಯವನು, ಕಡಲು ದಾಟಿ ಬಂದು ಈ ದೇಶದ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕೆಲಸದಿಂದ ನಿವೃತ್ತನಾಗಿ ಇಲ್ಲಿ ಬಂದು ನೆಲೆಸಿದವನು, ಇದು ನಮ್ಮ ಕಾವೇರಿ ಬಿಳಿಮೀನಿನ ದಾಯಾದಿ ಮೇಷ್ಟ್ರೇ, ಮೀಸೆ ನೋಡಿ, ಹುರುಪೆ ನೋಡಿ, ನಮ್ಮೋರೇ, ಎಂದು ಹೊರಟವನು. ಕೊಳವೆಯ ಕೆಳಗೆ ಕಲ್ಲಿನ ಮೆಟ್ಟಿಲು ಕಟ್ಟಿದೆವು, ಒಂಬತ್ತು ಮೆಟ್ಟಿಲು, ಒಂದೊಂದಕ್ಕೂ ನೀರು ನಿಲ್ಲುವ ಒಂದು ಮಡು, ನಾಲ್ಕು ಸಾವಿರ ಮರಿ ಬಿಟ್ಟೆವು. ತಿನ್ನದ ಮೀನಿಗೆ ಲೆಕ್ಕ ಇಡೋ ಬ್ರಾಹ್ಮಣ ನೀವೊಬ್ರೇ ಕಣ್ರೀ, ಎಂದು ಅವನ ಹಾಸ್ಯ, ತಿನ್ನುವವನು ಎಣಿಸಿದರೆ ಕಡಿಮೆಯಾಗುತ್ತದೆ, ಎಂದು ನಾನು. ಅವನು ನಕ್ಕ ಬಗೆ — ತಲೆ ಹಿಂದಕ್ಕೆ, ಕಣ್ಣು ಮಾತ್ರ ಹಲಗೆಯ ಮೇಲೆ. ಗಾಳದ ಹುಚ್ಚಿನವನು, ಹತ್ತು ವರ್ಷ ಈ ಕೆರೆಗೆ ಗಾಳ ಇಳಿಸಲಿಲ್ಲ, ಅನುಮತಿ ಬರಲಿ, ಮೊದಲನೇ ದಿನ, ಮೊದಲನೇ ದೋಣಿ, ನೀವು ಹುಟ್ಟು ಹಾಕ್ಬೇಕು ಮೇಷ್ಟ್ರೇ, ಹಿಡಿದು ಮುದ್ದಿಟ್ಟು ಬಿಡ್ತೀನಿ, ಎನ್ನುತ್ತಿದ್ದ. ಗಾಳದ ಕೋಲು ಇನ್ನೂ ಅವನ ಮನೆಯ ಜಂತೆಯಲ್ಲಿದೆ, ಪ್ಲಾಸ್ಟಿಕ್ ಸುತ್ತಿ, ಬೆಳಿಗ್ಗೆ ನೋಡಿದೆ, ನೋಡದಂತೆ ಕುಳಿತೆ.

ಆ ಮನೆಯಲ್ಲಿ ಎಂಬತ್ತನಾಲ್ಕು ದಿನ ಸಿಕ್ಕಿಬಿದ್ದಿದ್ದೆ. ೨೦೨೦ರ ಮಾರ್ಚಿನಲ್ಲಿ ತಡಿಕೆ ರಿಪೇರಿಗೆಂದು ಬಂದವನು, ಮೂರನೆಯ ದಿನ ದೇಶಕ್ಕೆ ಬೀಗ ಬಿತ್ತು, ರಾಜ್ಯದ ಗಡಿ ಮುಚ್ಚಿತು, ಜೂನ್ ಹತ್ತರವರೆಗೆ ಅಲ್ಲೇ. ಪ್ರತಿದಿನ ಸೊಪ್ಪಿನ ಸಾರು, ಕುಂಬಳದ ಪಲ್ಯ, ಮೊಸರು. ಮೀನಿನ ಲೆಕ್ಕ ಇಟ್ಟೆ, ಮಳೆಯ ಲೆಕ್ಕ ಇಟ್ಟೆ, ರೋಗಿಗಳ ಸಂಖ್ಯೆ ದಿನವೂ ಬರೆದೆ. ಇಂದು ಬೆಳಿಗ್ಗೆ ಚಂದ್ರಮ್ಮ ಚಹಾ ಇಟ್ಟು, ಆಗ ನಮ್ ಮನೇಲಿ ಮೀನಿಗೆ ಸೂತಕ ಸಾ, ಮೇಷ್ಟ್ರಿಗೆ ವಾಸ್ನೆ ಆಗಲ್ಲ ಅಂತ ಎಂಬತ್ತನಾಲ್ಕು ದಿನಾನೂ ಒಲೆ ಮೇಲೆ ಮೀನು ಇಡೋಕೆ ಬಿಡ್ಲಿಲ್ಲ ಇವ್ರು, ಪಕ್ಕದ ಮನೇಲಿ ಹುರೀತಿದ್ರೆ ಕಿಟಕಿ ಹಾಕ್ತಿದ್ರು, ಎಂದಳು, ದೂರಲಿಲ್ಲ, ನಗುತ್ತ ಹೇಳಿದಳು. ಎಂಬತ್ತನಾಲ್ಕು ದಿನಗಳಲ್ಲಿ ನಾನು ಎಣಿಸದೆ ಬಿಟ್ಟದ್ದು ಅದೊಂದೇ.

ಮತ್ತೆ ಈ ವರ್ಷದ ಮೇ. ಮತ್ತೆ ಗಡಿ ಮುಚ್ಚಿದೆ, ನಾನು ಹನ್ನೆರಡನೆಯ ಮಹಡಿಯಲ್ಲಿ, ಕಿಟಕಿಯಿಂದ ಖಾಲಿ ರಸ್ತೆ, ಖಾಲಿ ರೈಲು. ಫೋನು. ಮೇಷ್ಟ್ರೇ, ಬಾಲ ಹರಿದ ಮೀನೊಂದು ಬಂದಿದೆ, ಹಲಗೆ ಮೇಲೆ ಬರ್ತದೆ, ನಿಲ್ತದೆ, ಹಿಂದಕ್ಕೆ ಜಾರ್ತದೆ, ಮತ್ತೆ ಬರ್ತದೆ, ಇದನ್ನ ಎಷ್ಟು ಸಲ ಎಣಿಸ್ಲಿ — ಎಣಿಸಬೇಡಿ, ನಿಂತದ್ದು ದಾಟಿದ್ದಲ್ಲ. ಪಾಪ ಸಾರ್, ಒಂದು ಗಂಟೆಯಿಂದ ನಿಂತಿದೆ. ದಾಟಿದರೆ ಒತ್ತಿ. ಮೇ ಇಪ್ಪತ್ತಮೂರಕ್ಕೆ ಮತ್ತೆ ಫೋನು, ಮುನ್ನೂರೆಂಬತ್ತು ದಾಟ್ತು ಮೇಷ್ಟ್ರೇ, ಹೊಡೆದ್ವಿ — ಧ್ವನಿಯಲ್ಲಿ ಆ ಸಂತೋಷ, ಆ ಸಂತೋಷಕ್ಕೆ ನಾನು ಕೊಟ್ಟ ಉತ್ತರ: ಒಬ್ಬರ ಎಣಿಕೆ ಎಣಿಕೆಯಲ್ಲ ಚಾಮಯ್ಯ, ಹೇಳಿಕೆ. ಹೊಳೆಯ ಸದ್ದು ಕೇಳುತ್ತಿತ್ತು. ಎರಡು ಕೈಲಿ ಎರಡು ಗುಂಡಿ ಒತ್ತಿದ್ದೀನಿ ಸಾರ್, ಬಲಗಣ್ಣಿಗೆ ಬಲಗೈ, ಎಡಗಣ್ಣಿಗೆ ಎಡಗೈ, ನಗ್ಬೇಡಿ, ಎರಡನೇ ಸಹಿ ನೀವೇ ಹಾಕಿ — ನಾನು ನಗಲಿಲ್ಲ. ಇನ್ನೂ ಒಂದು ವಾರ ಮೀನು ಏರುತ್ತದೆ, ಯಾರನ್ನಾದರೂ ಕರೆತಂದು ಎದುರು ದಂಡೆಯಲ್ಲಿ ಕೂರಿಸಿ, ಅವರ ಸಹಿ ಹಾಕಿಸಿ. ಈ ಕಾಲದಲ್ಲಿ ಯಾರು ಬರ್ತಾರೆ ಮೇಷ್ಟ್ರೇ. ಹುಡುಕಿ.

ಹುಡುಕಿದ. ಮೂವತ್ತೆರಡು ಕಿಲೋಮೀಟರ್ ದೂರದ ಪೇಟೆಗೆ ಬೈಕಿನಲ್ಲಿ, ಮೂರು ದಿನ ಸತತ, ಶಾಲೆಯ ಮೇಷ್ಟರನ್ನು, ಅಂಚೆಯವನನ್ನು, ಗಾಳದ ಸಾಮಾನಿನ ಅಂಗಡಿಯವನನ್ನು ಕೇಳಿದನಂತೆ, ಯಾರೂ ಬರಲಿಲ್ಲ. ಮೇ ಮೂವತ್ತಕ್ಕೆ ಜ್ವರ. ಜೂನ್ ಹನ್ನೊಂದಕ್ಕೆ ಫೋನಿನ ಪರದೆಯ ಮೇಲೆ, ಹಸುರು ಉಡುಪಿನ ನಾಲ್ವರ ನಡುವೆ, ಉದ್ದನೆಯ ಬಿಳಿ ಚೀಲ. ಸೋಂಕು ಎಲ್ಲಿ ತಗುಲಿತೆಂದು ಸಾಬೀತುಪಡಿಸಲಾಗದು, ಇದನ್ನು ನಾನು ತರಗತಿಯಲ್ಲಿ ಪಾಠ ಮಾಡಬಲ್ಲೆ, ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಲ್ಲ, ಬಲ್ಲೆ, ಬಲ್ಲೆ, ನಾಲ್ಕು ತಿಂಗಳಿಂದ ದಿನಕ್ಕೊಮ್ಮೆ ಹೇಳಿಕೊಂಡಿದ್ದೇನೆ, ಹುಡುಕಿ ಎಂಬ ಮೂರಕ್ಷರ ಮಾತ್ರ ಅಲ್ಲಾಡುವುದಿಲ್ಲ.

ಊಟಕ್ಕೆ ಕರೆದ್ರೆ ಕೈ ಬಿಡುವಿಲ್ಲ ಕಣೇ ಬಾಯಿಗಿಡು ಅಂತಿದ್ರು ಸಾ, ಎರಡು ಕೈಲೂ ಆ ಗುಂಡಿ, ಮಗೂಗೆ ತಿನ್ನಿಸಿದ ಹಂಗೆ ತಿನ್ನಿಸ್ದೆ. ಚಂದ್ರಮ್ಮನ ಮಾತು. ಪುಟ ನೋಡುತ್ತೇನೆ. ಮುನ್ನೂರ ಎಂಬತ್ತೆಂಟು, ಮುನ್ನೂರ ಎಂಬತ್ತೇಳು. ಸುಳ್ಳುಗಾರ ಎರಡನ್ನೂ ಒಂದೇ ಮಾಡುತ್ತಿದ್ದ, ಇನ್ನೂ ಜಾಣನಾದರೆ ಮೂರು ನಾಲ್ಕರ ಅಂತರ ಇಡುತ್ತಿದ್ದ. ಒಂದು. ಅಂಚಿನಲ್ಲಿ ಪೆನ್ಸಿಲಿನಲ್ಲಿ, ಬಹಳ ಸಣ್ಣಗೆ — ಬಾಲ ಹರಿದದ್ದು, ಬಲಗೈ ತಡೆಯಲಿಲ್ಲ, ಕ್ಷಮಿಸಿ.

ಬಲಗೈ ತಡೆಯಲಿಲ್ಲ. ನನ್ನ ಬಲಗೈಯಲ್ಲಿ ಪೆನ್ನು. ನೋಡದ್ದಕ್ಕೆ ಎಪ್ಪತ್ತಮೂರು ವರ್ಷದಲ್ಲಿ ಸಹಿ ಮಾಡಿಲ್ಲ, ಮಗಳ ರಜೆಯ ಅರ್ಜಿಗೂ ಮಾಡಿಲ್ಲ. ಎದ್ದು, ಪಂಚೆ ಎತ್ತಿ ಕಟ್ಟಿ, ನೀರಿಗಿಳಿದೆ, ಮಂಡಿಯವರೆಗೆ ತಣ್ಣಗೆ, ಅಪ್ಪಾ ಜಾರತ್ತೆ, ಎಂದು ಮೇಲಿನಿಂದ ವಾಸಂತಿ, ಕರವಸ್ತ್ರದಿಂದ ಹಲಗೆಯ ಪಾಚಿ ಉಜ್ಜಿದೆ, ಒಂದು ಮೊಳ, ಎರಡು ಮೊಳ, ಬಿಳುಪು ಬಂತು. ದಂಡೆಗೆ ಬಂದು ಒದ್ದೆ ಕೈಯಲ್ಲೇ ಆ ಚೌಕದೊಳಗೆ ಹೆಸರು ಬರೆದೆ, ಯಜ್ಞನಾರಾಯಣ, ಪೂರ್ತಿ. ಕೆಳಗೆ ತಾರೀಖು, ಮೇ ತಿಂಗಳದ್ದಲ್ಲ, ಇಂದಿನದು, ಹದಿನೇಳು ಹತ್ತು ಇಪ್ಪತ್ತೊಂದು, ಅಷ್ಟೊಂದು ಸುಳ್ಳು ನನ್ನಿಂದಾಗದು, ಕಚೇರಿ ಕೇಳಿದರೆ ಕೇಳಲಿ, ಆ ದಿನ ಎಲ್ಲಿದ್ದಿರಿ ಎಂದು, ಹೇಳುತ್ತೇನೆ, ಒಪ್ಪಿದರೆ ದೋಣಿಗಳು ಇಳಿಯುತ್ತವೆ, ಮೊದಲ ದೋಣಿಗೆ ಹುಟ್ಟು ಹಾಕಲು ನಾನಿದ್ದೇನೆ, ಗಾಳ ಹಿಡಿಯುವ ಜಾಗ ಖಾಲಿ. ಎಂಬತ್ತನಾಲ್ಕು ದಿನಕ್ಕೆ ಒಂದು ಸಹಿ, ಅದೂ ಅವನು ಕೇಳಿದಾಗ ಅಲ್ಲ. ಭಾಗಿಸಿದರೆ ತೀರುವುದಿಲ್ಲ, ಶೇಷ ಉಳಿಯುತ್ತದೆ. ಶಾಯಿ ಒದ್ದೆಗೆ ಹರಡುತ್ತಿದೆ, ಎಲೆ ನಲವತ್ತಮೂರು, ನಲವತ್ತ — ಉಜ್ಜಿದ ಬಿಳುಪಿನ ಮೇಲೆ, ನಾನು ಎಂದೂ ಕಾಣದ ಆ ಮೀನು, ಹರಿದ ಬಾಲ, ಪ್ರವಾಹಕ್ಕೆ ಎದುರಾಗಿ, ಅಲ್ಲೇ, ಮೇಲೆಯೂ ಹೋಗದೆ ಕೆಳಗೂ ಜಾರದೆ, ನಿಂತಿದೆ