ಕೊಡೆ ಹಿಡಿದ ಕುಳ್ಳ

ಬಸ್ಸು, ಲಾರಿಗಳ ನಂಬರ್ ಪ್ಲೇಟ್ ಬರೆಯುತ್ತಿದ್ದ ತಮ್ಮನ ಕೈ ಬ್ರಷ್ ಹಿಡಿದರೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಆ ಕೈಯಿಂದ ಮೊದಲು ಟೀ ಲೋಟ ಜಾರಿತು, ಆಮೇಲೆ ಬ್ರಷ್ಷೂ ಜಾರಿತು. ನರ ಸೊರಗುವ ಕಾಯಿಲೆ, ಮದ್ದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅಕ್ಕ ಅವನನ್ನು ತನ್ನ ಮನೆಗೇ ಕರೆತಂದಳು. ಅವಳು ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಮಿಷನ್ನು, ಬಾಗಿಲಾಚೆ ಅವನ ಮಂಚ. ಪೆಡಲ್ ತುಳಿಯುತ್ತಲೇ ಅವನ ಮೇಲೊಂದು ಕಣ್ಣಿಡಬಹುದಿತ್ತು.

ದಿನವಿಡೀ ಗೋಡೆ ನೋಡುತ್ತ ಮಲಗುವವನನ್ನು ಕಂಡು ಅವಳಿಗೆ ಚಿಕ್ಕಂದಿನ ವಿಡಿಯೋ ಗೇಮ್ ನೆನಪಾಯಿತು. ಟಿವಿಗೆ ಸಿಕ್ಕಿಸುವ ಆ ಡಬ್ಬ ಕೆಟ್ಟು ಯಾವ ಕಾಲವಾಯಿತೋ. ಬಟ್ಟೆ ಕೊಡಲು ಬಂದ ನರ್ಸಮ್ಮನೊಬ್ಬರು, ಹಳೇ ಆಟಗಳನ್ನು ಫೋನಿನಲ್ಲೇ ಆಡಿಸುವ ಎಮ್ಯುಲೇಟರ್ ಎಂಬ ಆ್ಯಪ್ ಇದೆ ಎಂದು ಹೇಳಿ, ಹಾಕಿಯೂ ಕೊಟ್ಟರು.

ಪರದೆಯ ಮೇಲೆ ಕೊಡೆ ಹಿಡಿದ ಕುಳ್ಳನೊಬ್ಬ ಕುಣಿಯುತ್ತ ಬಂದಾಗ ತಮ್ಮನ ಮುಖ ಅರಳಿತು.

"ಅಯ್ಯೋ, ಇವನಿನ್ನೂ ಬದುಕಿದ್ದಾನಾ!"

ಆ ಕುಳ್ಳ ಹಳ್ಳಗಳನ್ನು ಹಾರಿ, ಮುರಿದು ಬೀಳುವ ಹಲಗೆಗಳ ಸೇತುವೆ ದಾಟಿ, ಗೋಪುರ ಸೇರಬೇಕು. ಚಿಕ್ಕಂದಿನಲ್ಲಿ ಇವರು ಆ ಸೇತುವೆ ದಾಟಿದ್ದೇ ಇಲ್ಲ. ಅಷ್ಟರಲ್ಲಿ ಅಮ್ಮ ಬಂದು ಟಿವಿ ಆರಿಸಿರುತ್ತಿದ್ದಳು.

ಗಾಜಿನ ಮೇಲಿನ ಗುಂಡಿಗಳಿಗೆ ಬಲ ಬೇಡ, ಮುಟ್ಟಿದರೆ ಸಾಕು. ಅದೇ ಅವನಿಗೆ ವರವಾಯಿತು. ದಿಂಬಿಗೆ ಫೋನ್ ಆನಿಸಿಕೊಂಡು ಆಡಿದ. ಆದರೆ ಹೆಬ್ಬೆರಳು ಏಳುವ ಹೊತ್ತಿಗೆ ಕುಳ್ಳ ನೀರು ಪಾಲಾಗಿರುತ್ತಿದ್ದ.

"ಆಟ ನಿಧಾನ ಮಾಡಬಹುದಂತೆ ಕಣೋ. ಬಿದ್ದರೆ ಹಿಂದಕ್ಕೂ ಹೋಗಬಹುದಂತೆ."

"ಅದು ಕಳ್ಳಾಟ. ಹಾಗೆ ಆಡೋದಕ್ಕಿಂತ ಆಡದೇ ಇರೋದೇ ವಾಸಿ," ಎಂದು ಸಿಡುಕಿದ.

ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ. ಒಂದು ಮಧ್ಯಾಹ್ನ ಕಾಲರ್ ಹೊಲಿಯುತ್ತಿದ್ದಾಗ ಅವನೇ ಕರೆದ.

"ಅಕ್ಕಾ, ಅದೇನೋ ನಿಧಾನ ಮಾಡೋದು ಅಂದಿದ್ಯಲ್ಲ... ಸ್ವಲ್ಪ ಮಾಡಿಕೊಡು."

ಮುಖ ಗೋಡೆಯ ಕಡೆಗಿತ್ತು. ಅವಳು ಹೊಲಿಗೆ ಬಿಟ್ಟು ಎದ್ದು ಬಂದಳು. ಏನೂ ಆಗಿಲ್ಲವೆಂಬಂತೆ ವೇಗ ಅರ್ಧಕ್ಕಿಳಿಸಿದಳು. ಆಟದ ಸಂಗೀತ ನಿದ್ದೆಗಣ್ಣಿನಲ್ಲಿ ಹಾಡಿದಂತೆ ಎಳೆಯತೊಡಗಿತು.

ಮುಂದೆ ಅರ್ಧ ವೇಗ ಕಾಲು ವೇಗವಾಯಿತು. ಕೊನೆಗೆ ಬೆರಳೇ ಏಳಲಿಲ್ಲ.

"ನೀನೇ ಆಡು. ನಾನು ಹೇಳ್ತೀನಿ."

ಬಟ್ಟೆಯ ಮೇಲೆ ಓಡುವ ಅವಳ ಕೈ ಗಾಜಿನ ಮೇಲೆ ಓಡದು. ಮೊದಮೊದಲು ಅವನು ರೇಗುತ್ತಿದ್ದ. "ಹಾರು! ಹಾರು ಅಂದೆ! ಗುಂಡಿ ಒತ್ತು ಅಂದ್ರೆ ಗುಂಡಿ ಹೊಲೀತಾ ಕೂತ್ಯಾ?" ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಅವನ ನಗು ಬೇಗನೆ ಕೆಮ್ಮಾಗುತ್ತಿತ್ತು. ಅವಳು ಫೋನ್ ಬದಿಗಿಟ್ಟು ಬೆನ್ನು ನೀವುತ್ತಿದ್ದಳು.

ಬರುಬರುತ್ತ ನಾಲಿಗೆಯೂ ತೊದಲಿತು. 'ಹಾರು' ಎಂಬ ಮಾತು ಬಾಯಿಂದ ಹೊರಡುವಷ್ಟರಲ್ಲಿ, ಅಷ್ಟು ನಿಧಾನ ನಡೆಯುವ ಕುಳ್ಳನೂ ಬಿದ್ದಿರುತ್ತಿದ್ದ. ಇನ್ನೂ ನಿಧಾನ ಮಾಡಲು ಸೆಟ್ಟಿಂಗ್‌ನಲ್ಲಿ ತಡಕಾಡಿದಳು. ಅದಕ್ಕಿಂತ ಕೆಳಗೆ ಏನೂ ಇರಲಿಲ್ಲ.

ಒಂದು ಸಂಜೆ ಸೇತುವೆಯ ಕೊನೆಯ ಹಲಗೆಯವರೆಗೂ ಹೋಗಿ ಕುಳ್ಳನನ್ನು ಬೀಳಿಸಿದಳು. ಹಿಂದಕ್ಕೆ ತಂದು ಮತ್ತೆ ಬೀಳಿಸಿದಳು. ಅವನು ರೇಗಲಿಲ್ಲ.

"ಬೈಯೋ. ಒಂದು ಸಲ ಬೈದುಬಿಡೋ."

"ಚೆನ್ನಾಗೇ... ಆಡ್ತಿದ್ದೀಯ," ಎಂದ, ಒಂದೊಂದೇ ಅಕ್ಷರ ಹೆಕ್ಕಿಕೊಂಡು.

ಹೊರಗೆ ಯಾರೋ ಬಾಗಿಲು ತಟ್ಟಿ, "ಪ್ಯಾಂಟ್ ಆಯ್ತಾ ಅಮ್ಮಾ?" ಎಂದರು. "ನಾಳೆ ಬನ್ನಿ," ಎಂದು ಕೂತಲ್ಲಿಂದಲೇ ಕೂಗಿದಳು. ಅವನ ವಾಲಿದ ತಲೆಯನ್ನು ನೆಟ್ಟಗೆ ಮಾಡಿ, ಕಣ್ಣಿಗೆ ಕಾಣುವಂತೆ ಫೋನ್ ಹಿಡಿದು ಮತ್ತೆ ಶುರುಮಾಡಿದಳು.

ಕೊನೆಯ ಹಲಗೆ ಬಂತು. ಹಾರಬೇಕಾದ್ದು ಈಗಲೋ, ಇನ್ನೊಂದು ಹೆಜ್ಜೆಯಾದ ಮೇಲೋ, ಅವಳಿಗೆ ತಿಳಿಯಲಿಲ್ಲ. ತಮ್ಮನ ಮುಖ ನೋಡಿದಳು. ಅವನು ಎವೆಯಿಕ್ಕದೆ, ಕುಳ್ಳನ ಹಿಂದೆಯೇ ಕಣ್ಣು ಸರಿಸುತ್ತ, ಪರದೆಯನ್ನೇ ನೋಡುತ್ತಿದ್ದ.